ಕೈ ಬದಲಾದ ನಾಡಿಪಟ್ಟಿ

ಆಸ್ಪತ್ರೆಯ ಗೇಟು ಇನ್ನೂ ಇನ್ನೂರು ಮೀಟರ್ ದೂರ ಇರುವಾಗಲೇ ಇಂದುಮತಿ ಆಟೋ ನಿಲ್ಲಿಸಲು ಹೇಳಿದಳು. ಎಡಗೈಯ ಬಳೆಗಳನ್ನು ಮೊಣಕೈಯತ್ತ ಸರಿಸಿ, ಅವುಗಳ ಕೆಳಗಿದ್ದ ಬೂದು ಬಣ್ಣದ ರಬ್ಬರ್ ಪಟ್ಟಿಯನ್ನು ಬಿಚ್ಚಿದಳು. ಸೆರಗಿನಿಂದ ಒರೆಸಿ ಗಂಡನ ಮಣಿಕಟ್ಟಿಗೆ ಕಟ್ಟಿದಳು. ಅವಳ ಕೈಯಲ್ಲಿ ಪಟ್ಟಿ ಇದ್ದ ಕಡೆ ಚರ್ಮ ಸುತ್ತಲೂ ಬೆಳ್ಳಗಿತ್ತು.

"ಬಿಗಿ ಆತೇನ್ರಿ?"

"ಬಿಗಿ ಇಲ್ಲ, ಬೆಚ್ಚಗೈತಿ. ನಿನ್ನ ಮೈಬಿಸಿ ಇನ್ನೂ ಆರಿಲ್ಲ," ಎಂದು ಮಹಾರುದ್ರಪ್ಪ ನಕ್ಕ. "ವರ್ಷಕ್ಕೊಮ್ಮಿ ತನ್ನ ಮನಿಗೆ ಬರತೈತಿ ನೋಡು ಇದು. ಪಂಚಮಿಗೆ ಹೆಣ್ಣಮಕ್ಕಳು ತವರಿಗೆ ಬಂದಂಗ."

"ಸುಮ್ನ ಕುಂದರ್ರಿ. ಡಾಕ್ಟರ್ ಕೇಳಿದ್ರ ಏನ್ ಹೇಳಬೇಕು?"

"ದಿನಾ ಕಟ್ಕೋತೀನ್ರಿ ಸರ. ಜಳಕಕ್ಕಷ್ಟ ಬಿಚ್ಚತೀನ್ರಿ."

"ಹಾಂ."

ಹನ್ನೊಂದು ವರ್ಷಗಳಿಂದ ಇದೇ ನಡೆದಿತ್ತು. ಗದಗದಿಂದ ಹುಬ್ಬಳ್ಳಿಗೆ ವಾರ್ಷಿಕ ತಪಾಸಣೆಗೆ ಬಂದಾಗಲೆಲ್ಲ ಪಟ್ಟಿ ಗೇಟಿನ ಬಳಿ ಕೈ ಬದಲಾಯಿಸುತ್ತಿತ್ತು. ಹೊರಗೆ ಬಂದ ಮೇಲೆ ಮತ್ತೆ ಅವಳ ಕೈ ಸೇರುತ್ತಿತ್ತು. ಈ ಸಲ ತಪಾಸಣೆಯಲ್ಲ. ಎದೆಯೊಳಗಿನ ಪೇಸ್‌ಮೇಕರಿನ ಬ್ಯಾಟರಿ ಮುಗಿಯುತ್ತ ಬಂದಿತ್ತು. ಹೊಸದನ್ನು ಹಾಕಬೇಕಿತ್ತು. ಮಹಾರುದ್ರಪ್ಪನಿಗೆ ಎಪ್ಪತ್ನಾಲ್ಕು, ಅವಳಿಗೆ ಅರವತ್ತೊಂದು.

ಅವನ ಹೃದಯದ ತೊಂದರೆ ಸರಳವಾದದ್ದು. ಅದು ಆಗಾಗ ನಿಧಾನವಾಗುತ್ತಿತ್ತು, ಕೆಲವೊಮ್ಮೆ ಮೂರ್ನಾಲ್ಕು ಸೆಕೆಂಡು ನಿಂತೇ ಬಿಡುತ್ತಿತ್ತು. ಅರವತ್ತಮೂರನೆಯ ವಯಸ್ಸಿನಲ್ಲಿ ಒಮ್ಮೆ ಮುದ್ರಣಯಂತ್ರದ ಪಕ್ಕದಲ್ಲೇ ಕುಸಿದು ಬಿದ್ದ. ಆಗಷ್ಟೇ ಬಂದಿದ್ದ ಹೊಸ ಬಗೆಯ ಪೇಸ್‌ಮೇಕರ್ ಹಾಕಿದರು. ತಂತಿಯಿಲ್ಲ, ಎದೆಯ ಚರ್ಮದಡಿ ಪೆಟ್ಟಿಗೆಯಿಲ್ಲ. ಕಡಲೆಕಾಯಿಯಷ್ಟು ದೊಡ್ಡ ಕ್ಯಾಪ್ಸೂಲನ್ನು ತೊಡೆಯ ರಕ್ತನಾಳದಿಂದ ಮೇಲೇರಿಸಿ ಹೃದಯದ ಕೆಳಕೋಣೆಯಲ್ಲಿ ಕೂರಿಸಿದರು. ಜೊತೆಗೆ ಮಣಿಕಟ್ಟಿಗೊಂದು ನಾಡಿಪಟ್ಟಿ ಕೊಟ್ಟರು, ದಿನಕ್ಕೆ ಇಪ್ಪತ್ತು ತಾಸಾದರೂ ಅದು ಮೈಮೇಲೆ ಇರಬೇಕು ಎಂದರು.

ಮೂರನೆಯ ದಿನವೇ ಜಗಳ ಶುರುವಾಯಿತು. ಮಹಾರುದ್ರಪ್ಪನ ಪ್ರೆಸ್ಸು ಮನೆಯ ಮುಂದಿನ ಭಾಗದಲ್ಲೇ ಇತ್ತು. ಓಡುವ ಯಂತ್ರದ ಮುಂದೆ ನಿಲ್ಲುವವರ ಕೈಯಲ್ಲಿ ಗಡಿಯಾರ, ಕಡಗ, ದಾರ ಏನೂ ಇರಬಾರದೆಂಬುದು ಅಲ್ಲಿಯ ನಿಯಮ. ಹದಿನೇಳನೆಯ ವಯಸ್ಸಿನಲ್ಲಿ ಅವನ ಕಣ್ಣೆದುರೇ ಜೊತೆಗಾರನೊಬ್ಬನ ಕಡಗ ರೋಲರಿಗೆ ಸಿಕ್ಕಿತ್ತು. ಕಡಗದ ಹಿಂದೆ ಕೈಯೂ ಹೋಗಿತ್ತು. ಅಂದಿನಿಂದ ಅವನು ಮದುವೆಯ ದಿನ ಬಿಟ್ಟರೆ ಕೈಗೆ ಏನನ್ನೂ ಕಟ್ಟಿದವನಲ್ಲ. ಪಟ್ಟಿ ಬಿಚ್ಚಿ ಮೊಳೆಗೆ ತೂಗು ಹಾಕಿ ಯಂತ್ರಕ್ಕೆ ನಿಂತ. ಅರ್ಧ ತಾಸಿಗೆ ಫೋನು ಬಂತು.

"ಮಹಾರುದ್ರಪ್ಪನವರ ನಾಡಿಪಟ್ಟಿ ಕಳಚಿದೆ. ದಯವಿಟ್ಟು ಧರಿಸಿ."

ಮರುದಿನವೂ ಬಂತು. ಅದರ ಮರುದಿನ ಎರಡು ಸಲ ಬಂತು. ಆರನೆಯ ದಿನ ಇಂದುಮತಿ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಮೊಳೆಯ ಮೇಲಿದ್ದ ಪಟ್ಟಿಯನ್ನು ತೆಗೆದು ತನ್ನ ಕೈಗೇ ಕಟ್ಟಿಕೊಂಡಳು. "ಅದಕ್ಕ ಬೇಕಾಗಿರೋದು ಯಾರದರ ಒಂದು ಕೈ," ಎಂದಳು. ಅಂದು ಫೋನು ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಪಟ್ಟಿ ಎಂದರೆ ಹಾಜರಿ ಪುಸ್ತಕದಂಥದ್ದು ಎಂದು ಅವಳು ತಿಳಿದಿದ್ದಳು. ಎದೆಯೊಳಗಿನ ಯಂತ್ರ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ, ಪಟ್ಟಿ ಅದರ ವರದಿಯನ್ನು ಕಳಿಸುತ್ತದೆ, ಅಷ್ಟೇ. ಆರನೆಯ ವರ್ಷ ಪ್ರೆಸ್ಸು ಮುಚ್ಚಿತು. ಪಟ್ಟಿಯನ್ನು ಹಿಂದಿರುಗಿಸುವ ಮಾತು ಒಮ್ಮೆ ಬಂದಿತ್ತು. "ಇರಲಿ ಬಿಡು, ನಿನ್ನ ಬಳಿಗಳ ನಡುವ ಚಂದ ಕಾಣತೈತಿ," ಎಂದ ಅವನು. ಮಾತು ಅಲ್ಲಿಗೇ ನಿಂತಿತು.

ಡಾಕ್ಟರ್ ನದಾಫ್ ಹೋದ ತಿಂಗಳೇ ಫೋನಿನಲ್ಲಿ ಎಲ್ಲವನ್ನೂ ಒಮ್ಮೆ ಹೇಳಿದ್ದರು. ಇವತ್ತು ಮತ್ತೆ ಹೇಳಿದರು. ಮುಚ್ಚುಮರೆಯಿಲ್ಲದ ಮನುಷ್ಯ. ಕಾಗದದ ಮೇಲೆ ಹೃದಯದ ನಾಲ್ಕು ಕೋಣೆ ಬರೆದು ನಡುವೆ ಒಂದು ಚುಕ್ಕೆ ಇಟ್ಟರು.

"ಮ್ಯಾಲಿನ ಕೋಣಿಯಿಂದ ಕೆಳಗಿನ ಕೋಣಿಗೆ ವಿದ್ಯುತ್ತು ದಾಟೋ ಗಂಟು ಇದು. ಹದಿನಾಲ್ಕು ತಿಂಗಳದಾಗ ಯಜಮಾನರಿಗೆ ನಲವತ್ತೊಂದು ಸಲ ನಾಡಿ ದಿಕ್ಕಾಪಾಲಾಗಿ ಓಡೇತಿ. ಮೂರು ಥರದ ಗುಳಿಗಿ ಕೊಟ್ಟೆ, ಒಂದಕ್ಕೂ ಬಗ್ಗಲಿಲ್ಲ."

"ಗುಳಿಗಿ ತಗೊಂಡು ನಾನ ಬಗ್ಗೀನ್ರಿ ಸರ, ತಲಿ ತಿರುಗಿ," ಎಂದ ಮಹಾರುದ್ರಪ್ಪ. "ಆದ್ರ ಇಲ್ಲಿಗೆ ಬಂದಾಗ ಒಂದು ಸಲನೂ ಹಂಗ ಓಡಿಲ್ಲಲ್ರಿ."

"ಗ್ಯಾರೇಜಿಗೆ ತಂದ ಗಾಡಿ ಎಂದರ ಸದ್ದು ಮಾಡತೈತೇನ್ರಿ?" ಎಂದು ಡಾಕ್ಟರ್ ನಕ್ಕರು. ಬಳಿಕ ಗಂಭೀರವಾದರು. "ಈಗ ಕ್ಯಾಪ್ಸೂಲು ಬದಲಿ ಮಾಡೋ ಹೊತ್ತಿನಾಗ ಈ ಗಂಟನ್ನ ಸುಟ್ಟುಬಿಡೋಣು. ಮ್ಯಾಲಿನ ಗದ್ದಲ ಕೆಳಗ ಬರಂಗಿಲ್ಲ. ಆದ್ರ ಒಂದು ಮಾತು. ಸುಟ್ಟ ಮ್ಯಾಲ ಅದನ್ನ ಮತ್ತ ಕೂಡಸಾಕ ಬರಂಗಿಲ್ಲ. ಅವರ ಹೃದಯಕ್ಕ ತನ್ನದು ಅಂತ ನಡಿಗಿ ಉಳಿಯಂಗಿಲ್ಲ. ಕೊನಿತನಕ ಯಂತ್ರ ಹೊಡದಷ್ಟ ಬಡಿತ."

ಇಂದುಮತಿ ಒಪ್ಪಿಗೆಪತ್ರವನ್ನು ಎರಡು ಸಲ ಓದಿ ಸಹಿ ಮಾಡಿದಳು. ಅವನ ಹೃದಯ ಹಾರುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಚಹಾ ಕುಡಿಯುತ್ತ ಕುಳಿತವನು ಇದ್ದಕ್ಕಿದ್ದಂತೆ ಬಟ್ಟಲು ಕೆಳಗಿಟ್ಟು ಎದೆ ಹಿಡಿದುಕೊಳ್ಳುತ್ತಿದ್ದ. ಅದನ್ನು ಕಂಡ ಗಾಬರಿಗೆ ಅವಳ ಎದೆಯೂ ಹಾರತೊಡಗುತ್ತಿತ್ತು. ಕೆಲವೊಮ್ಮೆ ಅವನು ಬಟ್ಟಲು ಇಡುವ ಮೊದಲೇ ಹಾರುತ್ತಿತ್ತು. ಮೂವತ್ತೆಂಟು ವರ್ಷದ ಸಂಸಾರ, ಹಾಗೆ ಆಗುವುದೇ ಎಂದುಕೊಂಡಿದ್ದಳು.

ಒಂದೂವರೆಗೆ ಅವನನ್ನು ಗಾಲಿಮಂಚದ ಮೇಲೆ ಒಳಗೆ ಕರೆದೊಯ್ದರು. ಬಾಗಿಲ ಬಳಿ ಅವನು ಕತ್ತು ಹೊರಳಿಸಿ, "ಅಲ್ಲೇ ನಿಂತೀ ಅಂತ ಗೊತ್ತೈತಿ. ಹೋಗಿ ಏನರ ತಿನ್ನು," ಎಂದ. ಅವಳು ನಿಂತದ್ದು ಅವನ ತಲೆಯ ಹಿಂದೆ. ಬಳೆಯ ಸದ್ದು ಕೇಳಿರಬೇಕು. ಮನೆಯಲ್ಲಾದರೆ ಸದ್ದಿಲ್ಲದೆಯೂ ಅವನಿಗೆ ಗೊತ್ತಾಗುತ್ತಿತ್ತು.

ತಿನ್ನಲು ಹೋಗುವಷ್ಟರಲ್ಲಿ ರೋಹಿಣಿ ಮುಳಗುಂದ ಬಂದಳು. ನಿಯಂತ್ರಣ ಕೊಠಡಿಯ ತಂತ್ರಜ್ಞೆ. ಮೂವತ್ತರ ಆಚೀಚಿನ ವಯಸ್ಸು, ಕುತ್ತಿಗೆಯಲ್ಲಿ ಕನ್ನಡಕ.

"ಕಾಕೂ, ಹತ್ತು ನಿಮಿಷ ಬರ್ತೀರೇನ್ರಿ? ಹಳೇ ಕ್ಯಾಪ್ಸೂಲು ಹನ್ನೊಂದು ವರ್ಷ ಕಲಿತದ್ದನ್ನ ಹೊಸಾದಕ್ಕ ತುಂಬಬೇಕು. ತುಂಬೂದಕ್ಕಿಂತ ಮೊದಲು ಮನಿಯವರು ಒಬ್ಬರು ನೋಡಿ ಹೌದು ಅನ್ನಬೇಕು, ನಿಯಮ."

ನಿಯಂತ್ರಣ ಕೊಠಡಿಯಿಂದ ಗಾಜಿನಾಚೆ ಶಸ್ತ್ರಕ್ರಿಯೆಯ ಕೋಣೆ ಕಾಣುತ್ತಿತ್ತು. ಹಸಿರು ಬಟ್ಟೆಗಳ ನಡುವೆ ಮಹಾರುದ್ರಪ್ಪನ ಪಾದಗಳಷ್ಟೇ ಕಂಡವು. ರೋಹಿಣಿಯ ಮುಂದಿನ ಪರದೆಯ ಮೇಲೆ ಒಂದು ಉದ್ದನೆಯ ಗೆರೆ ಮೂಡಿತು.

ಗೆರೆ ಓದುವುದನ್ನು ಇಂದುಮತಿಗೆ ಯಾರೂ ಕಲಿಸಬೇಕಿರಲಿಲ್ಲ. ಮೂವತ್ತಮೂರು ವರ್ಷ ಅವಳು ಹವಾಮಾನ ವೀಕ್ಷಕಿಯಾಗಿದ್ದವಳು. ಯಂತ್ರಗಳು ಬಂದ ಮೇಲೂ ದಿನಕ್ಕೆ ಎರಡು ಸಲ ಮನುಷ್ಯರೇ ಕಣ್ಣಿಟ್ಟು ಓದಬೇಕೆಂಬ ನಿಯಮ ಉಳಿದಿತ್ತು. ಬೆಳಿಗ್ಗೆ ಎಂಟೂವರೆ, ಸಂಜೆ ಐದೂವರೆ. ಉಷ್ಣತೆ, ಒತ್ತಡ, ತೇವ, ಮಳೆ. ತಪ್ಪಿಹೋದ ಓದಿನ ಜಾಗದಲ್ಲಿ ಅವಳು ಅಡ್ಡಗೆರೆ ಎಳೆಯುತ್ತಿದ್ದಳೇ ಹೊರತು ಅಂದಾಜಿನ ಅಂಕಿ ಬರೆಯುತ್ತಿರಲಿಲ್ಲ. ಹೊಸದಾಗಿ ಸೇರಿದವರಿಗೆ ಅವಳು ಹೇಳುತ್ತಿದ್ದ ಮೊದಲ ಮಾತು: ಅಂಕಿ ನೋಡೂಕಿಂತ ಮೊದಲು ಉಪಕರಣ ಎಲ್ಲೈತಿ ನೋಡ್ರಿ. ಬಿಸಿಲಿಗೆ ಇಟ್ಟ ಥರ್ಮಾಮೀಟರು ಸುಳ್ಳು ಹೇಳಂಗಿಲ್ಲ, ಗಾಳಿಯ ಬದಲು ಬಿಸಿಲಿನ ಸುದ್ದಿ ಹೇಳತೈತಿ.

"ಒಂದು ವಿಚಿತ್ರ ಐತ್ರಿ ಇದರಾಗ," ಎಂದಳು ರೋಹಿಣಿ. "ಮೊದಲಿನ ಹತ್ತು ವರ್ಷ ನೋಡ್ರಿ. ಬೆಳಿಗ್ಗೆ ಎಂಟರಿಂದ ಸಂಜಿ ಆರರತನಕ ಗೆರಿ ಸಪಾಟು. ಅರವತ್ತು, ಅರವತ್ತು, ಅರವತ್ತು. ಕಾಕಾರು ಹಗಲೆಲ್ಲ ಮಲಗತಿದ್ರೇನ್ರಿ?"

"ಇಲ್ಲವ್ವಾ, ಪ್ರೆಸ್ಸು ನಡಸತಿದ್ರು. ಕೆಲಸ ಮಾಡಿದ್ರ ಜಲ್ದಿ ದಣೀತಿದ್ರು. ನೀ ಇಲ್ಲದಾಗ ಮೈಯಾಗ ಕಸುವ ಇರಂಗಿಲ್ಲ ಅಂತಿದ್ರು ನನಗ."

"ಅಯ್ಯ, ಭಾಳ ಪ್ರೀತಿ," ಎಂದು ರೋಹಿಣಿ ನಕ್ಕಳು. "ವಾರದಾಗ ಒಂದ ದಿನ ಮಾತ್ರ ಹಗಲು ಏರಿಳಿತ ಐತಿ. ಗುರುವಾರ. ಗುರುವಾರ ಎಲ್ಲರ ಸಂತಿಗೆ ಹೋಗತಿದ್ರೇನು?"

ಗುರುವಾರ ಇಂದುಮತಿಯ ವಾರದ ರಜೆ.

ಅವಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

"ಈ ಸಪಾಟು ಎಂದಿಗೆ ನಿಂತೇತಿ?"

"ಹೋದ ವರ್ಷ ಮೇ ಮೂವತ್ತೊಂದಕ್ಕ. ಜೂನ್ ಒಂದರಿಂದ ದಿನಪೂರ್ತಿ ಏರಿಳಿತ. ಕಾಕಾರ ಗದ್ದಲ ಹಿಡದದ್ದೂ ಅವಾಗಿಂದನ."

ಮೇ ಮೂವತ್ತೊಂದು ಅವಳು ನಿವೃತ್ತಳಾದ ದಿನ. ಸಹೋದ್ಯೋಗಿಗಳು ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟಿದ್ದರು.

"ಎರಡು ವರ್ಷದ ಹಿಂದ ಫೆಬ್ರವರಿ ತೋರಸವಾ. ಎರಡನೇ ಗುರುವಾರ. ಮಧ್ಯಾಹ್ನ ಮೂರೂ ಇಪ್ಪತ್ತು."

ರೋಹಿಣಿ ಕನ್ನಡಕ ಹಾಕಿಕೊಂಡು ಬೆರಳಾಡಿಸಿದಳು. ಗೆರೆ ಎಪ್ಪತ್ತರಿಂದ ನೂರಾ ಹದಿನೆಂಟಕ್ಕೆ ನೆಟ್ಟಗೆ ಏರಿ ನಿಂತಿತ್ತು. ಸಮಯ ಮೂರು ಗಂಟೆ ಇಪ್ಪತ್ತೊಂದು ನಿಮಿಷ.

ಅದು ಇಂದುಮತಿಯ ತಾಯಿ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದ ಗಳಿಗೆ. ಮಹಾರುದ್ರಪ್ಪ ಮುಂದಿನ ಕೋಣೆಯಲ್ಲಿ ಆರಾಮಕುರ್ಚಿಯಲ್ಲಿ ನಿದ್ದೆ ಹೋಗಿದ್ದ. ಅವಳು ಬಾಯಿ ತೆರೆಯುವ ಮೊದಲೇ ಅವನು ಎದೆ ಒತ್ತಿಕೊಂಡು ಅಡುಗೆಮನೆಗೆ ಬಂದು, "ಇಂದೂ, ಏನಾತು? ನನ್ನ ಎದಿ ಯಾಕೋ ಹಾರಾಕತ್ತೇತಿ," ಎಂದಿದ್ದ. ಈ ಮಾತನ್ನು ಅವಳು ನೆಂಟರಿಷ್ಟರಿಗೆಲ್ಲ ಎಷ್ಟು ಸಲ ಹೇಳಿದ್ದಳೋ. ಹೇಳುವಾಗಲೆಲ್ಲ ಅವಳ ದನಿಯಲ್ಲಿ ಒಂದು ಬಿಂಕ ಇರುತ್ತಿತ್ತು.

"ರೋಹಿಣಿ," ಎಂದಳು ಇಂದುಮತಿ. "ಈ ಗೆರಿ ಕ್ಯಾಪ್ಸೂಲು ಬರದದ್ದು ಹೌದಲ್ಲ?"

"ಹೌದ್ರಿ. ಅದು ಎಷ್ಟು ಹೊಡೀತು ಅನ್ನೂದು."

"ಎಷ್ಟು ಹೊಡೀಬೇಕು ಅಂತ ಅದಕ್ಕ ಯಾರು ಹೇಳತಾರ?"

"ಪಟ್ಟಿ." ರೋಹಿಣಿಗೆ ಇದು ದಿನಾ ಹೇಳುವ ಪಾಠ. "ಕ್ಯಾಪ್ಸೂಲು ಸಣ್ಣದು, ಬ್ಯಾಟರಿ ಸಣ್ಣದು. ಒಳಗ ಕುಂತು ನೋಡೂದು, ಅಳಿಯೂದು, ಎಲ್ಲಾ ಮಾಡಿದ್ರ ಮೂರು ವರ್ಷಕ್ಕ ಮುಗೀತೈತಿ. ಅದಕ್ಕ ಕಣ್ಣು ಹೊರಗ ಇಟ್ಟಾರ. ಪಟ್ಟಿ ನಾಡಿ ನೋಡತೈತಿ, ಬೆವರು ನೋಡತೈತಿ, ಉಸಿರು ನೋಡತೈತಿ. ಈಗ ಎಂಬತ್ತು ಬೇಕು, ಈಗ ನೂರು ಬೇಕು ಅಂತ ಹೇಳತೈತಿ. ಕ್ಯಾಪ್ಸೂಲು ಅಷ್ಟು ಹೊಡೀತೈತಿ. ಪಟ್ಟಿ ಮೂವತ್ತು ಮೀಟರ್ ದೂರ ಹೋದ್ರ ಮಾತು ಕೇಳಸಂಗಿಲ್ಲ. ಅವಾಗ ಸುಮ್ನ ಅರವತ್ತು."

"ಪಟ್ಟಿ ಬ್ಯಾರೇದವರ ಕೈಯಾಗ ಇದ್ರ?"

"ಯಾಕ ಇರತೈತ್ರಿ?"

"ಇದ್ರ?"

ರೋಹಿಣಿ ಕನ್ನಡಕ ತೆಗೆದಳು. "ಇದ್ರ ನಮಗ ಗೊತ್ತಾಗತಿತ್ತಲ್ರಿ. ಎರಡೂ ಮಾತಾಡೋವಾಗ ಪಟ್ಟಿ ನಾಡಿಗೂ ಕ್ಯಾಪ್ಸೂಲ್ ಬಡಿತಕ್ಕೂ ತಾಳೆ ನೋಡತೀವಿ. ಹನ್ನೊಂದು ವರ್ಷನೂ ಎರಡೂ ಸರಿ ಬಂದಾವ..." ಅವಳು ಮತ್ತೆ ಪರದೆಯತ್ತ ನೋಡಿದಳು. ಎರಡೂ ಸರಿ ಬರಲೇಬೇಕಿತ್ತು. ಪಟ್ಟಿ ಕಂಡ ನಾಡಿ ಯಾರದೇ ಆಗಿರಲಿ, ಕ್ಯಾಪ್ಸೂಲು ಅದನ್ನೇ ಹಿಂಬಾಲಿಸುತ್ತಿತ್ತು. ಯಂತ್ರ ಕಟ್ಟಿದವರು ಎಲ್ಲವನ್ನೂ ತಾಳೆ ನೋಡಿದ್ದರು. ಕೈ ಯಾರದೆಂದು ಮಾತ್ರ ಕೇಳಿರಲಿಲ್ಲ.

ಇಂದುಮತಿ ಬಳೆಗಳನ್ನು ಮೇಲಕ್ಕೆ ಸರಿಸಿ ಮಣಿಕಟ್ಟನ್ನು ಪರದೆಯ ಬೆಳಕಿಗೆ ಒಡ್ಡಿದಳು. ಬೆಳ್ಳನೆಯ ಸುತ್ತುಗೆರೆ ಸ್ಪಷ್ಟವಾಗಿತ್ತು.

"ನಂದು," ಎಂದಳು. "ಗುರುವಾರ ನನ್ನ ಸೂಟಿ. ಮೇ ಮೂವತ್ತೊಂದಕ್ಕ ನಾ ರಿಟೈರ್ ಆಗೀನಿ. ಹನ್ನೊಂದು ವರ್ಷದ್ದೂ ನಂದ. ನಿಲ್ಲಸವಾ, ಅವರಿಗೆ ನಿಲ್ಲಸಾಕ ಹೇಳು."

ಗಾಜಿನಾಚೆ ಡಾಕ್ಟರ್ ನದಾಫ್ ಕೈ ಚಾಚಿ ಯಾವುದೋ ಉಪಕರಣ ತೆಗೆದುಕೊಳ್ಳುತ್ತಿದ್ದರು. ರೋಹಿಣಿ ಮೈಕಿನ ಗುಂಡಿಯನ್ನು ಒತ್ತಿದಳು. ಮೊದಲ ಸಲ ಗುಂಡಿ ಹತ್ತಲಿಲ್ಲ. ಎರಡನೆಯ ಸಲ ಹತ್ತಿತು.

"ಸರ, ಸುಡಬ್ಯಾಡ್ರಿ! ಆ ಗದ್ದಲ ಪೇಷಂಟಿಂದಲ್ರಿ!"

ಹಸಿರು ಬಟ್ಟೆಗಳು ಒಮ್ಮೆಲೇ ಸ್ತಬ್ಧವಾದವು. ಗಡಿಯಾರ ಒಂದು ಗಂಟೆ ಐವತ್ತೆರಡು ನಿಮಿಷ ತೋರಿಸುತ್ತಿತ್ತು. ಇಂದುಮತಿ ಅದನ್ನು ನೋಡಿದಳು. ವೀಕ್ಷಕಿಯ ಕಣ್ಣು, ಇಂಥ ಹೊತ್ತಿನಲ್ಲೂ ಸಮಯವನ್ನು ಗುರುತಿಟ್ಟುಕೊಂಡಿತು.

ಡಾಕ್ಟರ್ ಸಹಾಯಕರಿಗೆ ಏನೋ ಹೇಳಿ, ಕೈಗವಸು ಕಳಚುತ್ತ ಹೊರಬಂದರು. ರೋಹಿಣಿ ಎರಡು ನಿಮಿಷದಲ್ಲಿ ವಿಷಯ ಹೇಳಿದಳು. ಅವರು ಪರದೆಯನ್ನು ನೋಡಿದರು. ಬಳಿಕ ಇಂದುಮತಿಯ ಮಣಿಕಟ್ಟನ್ನು ನೋಡಿದರು.

"ಹನ್ನೊಂದು ವರ್ಷ! ಒಬ್ಬರಿಗೂ ಹೇಳಬೇಕು ಅನಸಲಿಲ್ಲೇನು ನಿಮಗ?"

"ಫೋನ್ ಬರತಿತ್ತು ಅಂತ ಕಟ್ಕೊಂಡೆ ಸರ. ಬರೇ ಹಾಜರಿ ಅಂತ ತಿಳದಿದ್ದೆ." ಅವಳ ಕಣ್ಣು ತುಂಬಲಿಲ್ಲ, ದನಿ ಮಾತ್ರ ಕುಗ್ಗಿತು. "ಮೂವತ್ತಮೂರು ವರ್ಷ ಒಂದು ಸುಳ್ಳು ಅಂಕಿ ಬರದಾಕಿ ಅಲ್ಲ ನಾನು. ಮನ್ಯಾಗ ದಿನಾ ಬರದೀನಿ."

"ಇನ್ನ ಐದು ನಿಮಿಷ ತಡ ಆಗಿದ್ರ..." ಡಾಕ್ಟರ್ ಪರದೆಯತ್ತ ತಿರುಗಿ, ದಿಕ್ಕಾಪಾಲಾದ ನಲವತ್ತೊಂದು ಗೆರೆಗಳನ್ನು ಒಂದರ ಮೇಲೊಂದು ಸರಿಸತೊಡಗಿದರು. ಅವರ ಕೈ ನಿಧಾನವಾಯಿತು, ನಂತರ ನಿಂತೇ ಹೋಯಿತು. ಅವರು ತಿರುಗಿ ನೋಡಿದಾಗ ಮುಖದಲ್ಲಿ ಸಿಟ್ಟು ಉಳಿದಿರಲಿಲ್ಲ.

"ಅಮ್ಮಾರ, ಕುಂದರ್ರಿ."

"ನಿಂತೀನ್ರಿ, ಅಡ್ಡಿಯಿಲ್ಲ."

"ಕುಂದರ್ರಿ. ಅವರಿಗೆ ಎದಿ ಹಾರಿದಾಗ ನಿಮಗೇನರ ಆಗತಿತ್ತೇನು?"

"ನನಗೂ ಹಾರತಿತ್ತು. ಅವರನ್ನ ನೋಡಿ ಗಾಬರಿಗೆ."

"ಅವರಿಗೆ ಆತು ಅಂತ ನಿಮಗ ಆಗಿಲ್ಲ," ಎಂದರು ಡಾಕ್ಟರ್ ನದಾಫ್. "ನಿಮಗ ಆತು ಅಂತ ಅವರಿಗೆ ಆಗೇತಿ. ಈ ನಲವತ್ತೊಂದೂ ನಿಮ್ಮವು."

ಇಂದುಮತಿ ಕುಳಿತಳು. ಕುಳಿತದ್ದು ಅವಳಿಗೇ ತಿಳಿಯಲಿಲ್ಲ. ರೋಹಿಣಿ ಅವಳ ಮಣಿಕಟ್ಟಿಗೆ, ಕಾಲಿಗೆ, ಎದೆಗೆ ತಣ್ಣನೆಯ ಬಿಲ್ಲೆಗಳನ್ನು ಅಂಟಿಸಿದಳು. ಯಂತ್ರದಿಂದ ಹೊರಬಂದ ಕಾಗದವನ್ನು ಡಾಕ್ಟರ್ ಅವಳ ಮುಂದೆಯೇ ಹಿಡಿದರು. ಅವಳಿಗೆ ವಿವರಣೆ ಬೇಕಾಗಲಿಲ್ಲ. ಒಂದು ಮೊನೆಗೂ ಇನ್ನೊಂದು ಮೊನೆಗೂ ನಡುವಿನ ಅಂತರ ಎರಡು ಸಲ ಒಂದೇ ಆಗಿರಲಿಲ್ಲ. ನಾಡಿ ನೂರಾ ಮೂವತ್ತಾರು.

"ಎಷ್ಟು ವರ್ಷದಿಂದ ಐತೋ ಗೊತ್ತಿಲ್ಲ," ಎಂದರು ಡಾಕ್ಟರ್. "ಹಗಲು ನೀವು ವೀಕ್ಷಣಾಲಯದಾಗ ಇದ್ದಾಗ ಆದದ್ದು ಇದರಾಗ ಬಂದಿಲ್ಲ. ಹಿಂಗ ಓಡೋ ಹೃದಯದಾಗ ರಕ್ತ ಹೆಪ್ಪುಗಟ್ಟತೈತಿ. ಹೆಪ್ಪು ಮಿದುಳಿಗೆ ಹೋದ್ರ ಲಕ್ವ. ಇವತ್ತಿಂದ ರಕ್ತ ತಿಳಿ ಮಾಡೋ ಔಷಧ ಶುರು. ಇವತ್ತು ನೀವು ಮನಿಗೆ ಹೋಗಂಗಿಲ್ಲ."

"ಅವರು?"

"ಅವರ ಗಂಟಿಗೆ ಏನೂ ಆಗಿಲ್ಲ, ಕೈ ಹಚ್ಚಂಗಿಲ್ಲ. ಹೊಸ ಕ್ಯಾಪ್ಸೂಲು ಹಾಕತೀನಿ. ಇದರ ಕಣ್ಣು ಒಳಗ ಐತಿ, ಪಟ್ಟಿ ಬ್ಯಾಡ. ನಿಮ್ಮ ಹನ್ನೊಂದು ವರ್ಷ ಅದಕ್ಕ ತುಂಬಂಗಿಲ್ಲ. ಅವರದ್ದನ್ನ ಮೊದಲಿಂದ ಕಲೀಲಿ." ಬಾಗಿಲಲ್ಲಿ ನಿಂತು ಅವರು ಹಿಂದಿರುಗಿ ನೋಡಿದರು. "ನಾ ಮೂರು ಥರದ ಗುಳಿಗಿ ಕೊಟ್ಟೀನಿ ಅವರಿಗೆ. ನಿಮ್ಮ ರೋಗಕ್ಕ."

ಮೂರು ತಾಸು ಕಳೆಯಿತು. ಇಂದುಮತಿ ಒಂದು ಮಂಚದ ಮೇಲೆ, ಎದೆಯ ಮೇಲಿನ ತಂತಿಗಳ ನಡುವೆ, ಮೇಲ್ಛಾವಣಿ ನೋಡುತ್ತ ಮಲಗಿದ್ದಳು. ತನ್ನ ಕಾಯಿಲೆಯ ವಿಚಾರ ತಲೆಗೆ ಹತ್ತಲಿಲ್ಲ. ಮೆಟ್ಟಿಲು ಹತ್ತುವಾಗಿನ ಏದುಸಿರು, ಹಾಲು ಉಕ್ಕಿದಾಗಿನ ಸಿಡುಕು, ಹಲ್ಲಿ ಮೈಮೇಲೆ ಬಿದ್ದಾಗಿನ ಚೀತ್ಕಾರ, ಎಲ್ಲವನ್ನೂ ಅವಳು ಗೊತ್ತಿಲ್ಲದೆ ಇನ್ನೊಂದು ಎದೆಗೆ ಹೊಡೆದು ಕಳಿಸಿದ್ದಳು. ಬೆನ್ನ ಹಿಂದೆ ನಿಂತರೂ ಅವನು, "ಬಂದ್ಯಾ?" ಎನ್ನುತ್ತಿದ್ದ. ಬರುವ ಮೊದಲೇ ಅವಳ ನಡಿಗೆಯ ಬಡಿತ ಅವನೊಳಗೆ ತಲುಪಿರುತ್ತಿತ್ತು. ಅದನ್ನು ಅವನು ಬಂಧುಗಳೆದುರು ಋಣಾನುಬಂಧ ಎಂದು ಹೇಳಿಕೊಂಡು ತಿರುಗಿದ್ದ.

ಸಂಜೆ ರೋಹಿಣಿ ಗಾಲಿಕುರ್ಚಿ ತಂದಳು. "ಕಾಕಾರು ಎಚ್ಚರ ಆಗ್ಯಾರ. ಎಲ್ಲಾ ಹೇಳೀವಿ ಅವರಿಗೆ. ಐದು ನಿಮಿಷ ನೋಡಿ ಬರೋಣು. ಎದ್ದು ನಿಂದರಬ್ಯಾಡ್ರಿ ಮತ್ತ."

"ಏನಂದ್ರು?"

"ಎಲ್ಲಾ ಕೇಳಿ ಕಿಟಕಿ ಕಡೆ ಮುಖ ಹೊರಳಿಸಿಬಿಟ್ರು."

ಮಹಾರುದ್ರಪ್ಪ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ರೋಹಿಣಿ ಕುರ್ಚಿಯನ್ನು ಬಾಗಿಲೊಳಗೆ ತಂದು ನಿಲ್ಲಿಸಿದಳು. ರಬ್ಬರ್ ಗಾಲಿ ಸದ್ದು ಮಾಡಲಿಲ್ಲ. ಅವನ ತಲೆಯ ಬಳಿಯ ಪರದೆಯಲ್ಲಿ ಅರವತ್ನಾಲ್ಕು ಎಂಬ ಅಂಕಿ ಇತ್ತು. ಅವನ ಬರಿಗೈ ಹೊದಿಕೆಯ ಮೇಲಿತ್ತು.

ಇಂದುಮತಿ ಕಾದಳು. ಈಗ ಕತ್ತು ಹೊರಳಿಸುತ್ತಾನೆ, ಈಗ "ಬಂದ್ಯಾ?" ಎನ್ನುತ್ತಾನೆ. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು. ಅವಳ ಎದೆ ಹುಚ್ಚೆದ್ದು ಹಾರುತ್ತಿತ್ತು. ಪರದೆಯ ಅಂಕಿ ಅರವತ್ನಾಲ್ಕರಿಂದ ಅಲುಗಲಿಲ್ಲ. ಅವನು ತಿರುಗಲಿಲ್ಲ.

ಮೂವತ್ತೆಂಟು ವರ್ಷ ಒಟ್ಟಿಗೆ ಬಾಳಿದ ಗಂಡನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕುಳಿತು, ತಾನು ಬಂದದ್ದು ಅವನಿಗೆ ಗೊತ್ತಾಗದಿರುವುದನ್ನು ಅವಳು ನೋಡಿದಳು.

"ರೀ," ಎಂದಳು.

ಮಹಾರುದ್ರಪ್ಪ ಬೆಚ್ಚಿಬಿದ್ದ. ತಿರುಗಿದ. "ಎಷ್ಟೊತ್ತಾತು ನೀ ಬಂದು? ಒಂದು ಕೆಮ್ಮು ಅರ ಕೆಮ್ಮಬಾರದ? ಹೆದರಿಸಿಬಿಟ್ಟೆಲ್ಲ ಮಾರಾಯ್ತಿ!"

ಅವಳು ಅವನ ತಲೆಯ ಬಳಿಯ ಅಂಕಿಯನ್ನು ನೋಡುತ್ತಿದ್ದಳು. ಅರವತ್ನಾಲ್ಕು ಎಪ್ಪತ್ತೊಂದಾಯಿತು. ಎಪ್ಪತ್ತೊಂಬತ್ತು. ಎಂಬತ್ಮೂರು.

ಗಡಿಯಾರದಲ್ಲಿ ಐದೂವರೆಯಾಗಿತ್ತು. ಅವಳು ಅಭ್ಯಾಸದಂತೆ ಮೊದಲು ತಂತಿಯನ್ನು ನೋಡಿದಳು. ಪರದೆಯಿಂದ ಹೊರಟ ತಂತಿ ಹೊದಿಕೆಯ ಮಡಿಕೆ ದಾಟಿ, ಅಂಗಿಯ ಗುಂಡಿಗಳ ನಡುವೆ ಒಳಗೆ ಹೋಗಿ, ಅವನ ಎದೆಗೇ ಸೇರಿತ್ತು. ಆಮೇಲೆ ಅಂಕಿಯನ್ನು ಇನ್ನೊಮ್ಮೆ ಓದಿದಳು.